ವಿಷಯ ಸಂಖ್ಯೆ ಏಳು

ಬೀದಿದೀಪದ ಬಲ್ಬು, ಚರಂಡಿಯ ಹೂಳು,
ಅಂಗನವಾಡಿ ಬಾಗಿಲಿಗೊಂದು ಚಿಲಕ:
ಆರು ವಿಷಯ ಮುಗಿಯುವಷ್ಟರಲ್ಲಿ
ವಡೆಯ ತಟ್ಟೆ ಬರಿದು.
ಏಳನೆಯದನ್ನು ಓದಿದೆ ನಾನು,
ಹುಣಸೇಕೊಪ್ಪಲು ಪಂಚಾಯ್ತಿಯ ಕರವಸೂಲಿಗಾರ,
ನಡಾವಳಿ ಬರೆಯುವವನೂ ನಾನೇ:
'ನೀರುಗಂಟಿ ಜವರಶೆಟ್ಟಿಯ ಸಂಬಳ
ನಿಗದಿಪಡಿಸುವ ಬಗ್ಗೆ.'

ಬಗ್ಗೆ ಎಂದರೆ ಸಾಕು,
ಎಲ್ಲರೂ ಬಗ್ಗುತ್ತಾರೆ ಮೊಬೈಲಿನ ಮೇಲೆ.

ಅವನ ಮುತ್ತಾತನಿಗೆ ಸಂಬಳವಿರಲಿಲ್ಲ, ಆಯವಿತ್ತು.
ನಾಲೆ ಬರುವ ಮುಂಚೆ, ಕೆರೆಯ ತೂಬು ಕಾದವನು
ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ
ಕೈಯೊಡ್ಡದೆ, ಮೊರವೊಡ್ಡಿ ನಿಂತರೆ
ರಾಶಿಪೂಜೆಯ ಮೇಲೆ ಇಷ್ಟು ಬಳ್ಳ ಭತ್ತ.
ಕೈಬಿಗಿಯವನ ಬಳ್ಳವೂ ಅಂದು
ಗೋಪುರವಾಗಿ ತುಳುಕುತ್ತಿತ್ತಂತೆ,
ನೀರು ಬಿಡುವವನ ಹೊಟ್ಟೆ ಒಣಗಿದರೆ
ಗದ್ದೆಯೂ ಒಣಗೀತೆಂಬ ಭಯಕ್ಕೋ,
ನ್ಯಾಯಕ್ಕೋ, ನಾ ಕಾಣೆ.
ಕಸ ಗುಡಿಸುವ ಪುಟ್ಟಸಿದ್ದಮ್ಮ ಮಾತ್ರ ಒಪ್ಪಳು:
'ನಮ್ಮತ್ತೆಗೆ ಕೊಡ್ತಿದ್ದುದ್ದು
ಕಣ ಗುಡ್ಸಿದ ಕಲ್ಲುಮಣ್ಣಿನ ಕಾಳು ಕನಪ್ಪ.
ಅದ್ನೂ ಬರ್ಕೊ. ಬರ್ಯಾಕಿಲ್ವಾ?'

ಈಗ ಬಳ್ಳವಿಲ್ಲ, ವಾಲ್ವು.
ಮೂರು ಬೋರು, ಎರಡು ಟ್ಯಾಂಕು, ಹನ್ನೊಂದು ವಾಲ್ವು.
ಕರೆಂಟು ಬರುವುದು ರಾತ್ರಿ ಎರಡಕ್ಕೆ,
ಬಾರದಿದ್ದರೆ ಮೂರಕ್ಕೆ.
ಕಬ್ಬಿನ ಗದ್ದೆಯ ಬದುವಿನಲ್ಲಿ
ಅವನ ಟಾರ್ಚಿಗಾಗಿ ಕಾಯುತ್ತದೆ ಹಾವು.
ಬೆಳಗ್ಗೆ ಕೊಳಾಯಿಯಲ್ಲಿ ನೀರು ಬಂದರೆ
ಯಾರೂ ಅವನ ಹೆಸರೆತ್ತುವುದಿಲ್ಲ.
ಬಾರದಿದ್ದರೆ, ಊರಿಗೆಲ್ಲ ಅದೊಂದೇ ಹೆಸರು.

'ಒಂದು ಗಂಟೆ ಕೆಲ್ಸ,' ಎಂದರು ಮೆಂಬರು ಚೌಡೇಗೌಡರು,
'ವಾಲ್ವು ತಿರ್ವಾಕೆ ಎಷ್ಟು ಕೊಡಾದು?
ನಮ್ಗೇ ಸಭೆ ಭತ್ಯೆ ಬಂದು ವರ್ಸಾಯ್ತು.'
ಅದೂ ನಿಜ. ಅಧ್ಯಕ್ಷೆ ಸುನಂದಮ್ಮ
ಮಂಡ್ಯದ ಮೀಟಿಂಗಿಗೆ ಹೋಗುವ ಆಟೋ ಬಾಡಿಗೆ
ಡೇರಿ ಹಾಲಿನ ಬಟವಾಡೆಯದು.
ಪಿಡಿಒ ಮೇಡಂ ಕನಿಷ್ಠ ವೇತನದ ಸುತ್ತೋಲೆ ತೆಗೆದರು,
ಕನ್ನಡಕ ಒರೆಸಿದರು,
'ದುಡ್ಡು ಎಲ್ಲಿಂದ?' ಎಂದರು.
ಎಲ್ಲರೂ ನನ್ನತ್ತ ನೋಡಿದರು.

ದುಡ್ಡು ಕಂದಾಯದಿಂದ. ಕಂದಾಯ ಮನೆಗಳಿಂದ.
ನನ್ನ ಚೀಲದಲ್ಲಿತ್ತು ಬಾಕಿದಾರರ ಪಟ್ಟಿ:
ಮೊದಲ ಪುಟದಲ್ಲೇ, ಆಲೆಮನೆಯೂ ಸೇರಿ,
ಚೌಡೇಗೌಡರ ಮೂರು ವರ್ಷ.
ಐದನೆಯ ಸಾಲಿನಲ್ಲಿ, ಮುಚ್ಚಿಡುವುದೇಕೆ,
ನನ್ನ ಸ್ವಂತ ಅಣ್ಣ.
ಜಿಪ್ಪು ಅರ್ಧ ಎಳೆದೆ.
ಅರ್ಧಕ್ಕೇ ನಿಲ್ಲಿಸಿದೆ.
ನನ್ನ ಸಂಬಳವೂ ಅದೇ ಮೇಜಿನ ಮೇಲಿತ್ತು,
ವಿಷಯ ಸಂಖ್ಯೆ ಒಂಬತ್ತು.

'ನೀನೇ ಹೇಳಪ್ಪ, ಎಷ್ಟು ಬೇಕು?' ಎಂದರು ಅಧ್ಯಕ್ಷೆ.
ಬಾಗಿಲಲ್ಲಿದ್ದ ಜವರಶೆಟ್ಟಿ
ವಾಲ್ವಿನ ಉದ್ದನೆಯ ಚಾವಿಯನ್ನು ಗೋಡೆಗೊರಗಿಸಿ,
ಕಟ್ಟಿದ ಪಂಚೆ ಇಳಿಬಿಟ್ಟು, ಒಳಬಂದ.
'ಎಷ್ಟು ಅಂತ ನೀವೇ ಯೋಳಿ, ನಂಗೆ ಲೆಕ್ಕ ಬರಾಕಿಲ್ಲ.
ಆದ್ರೆ ಬುಕ್ಕಲ್ಲಿ ಬರ್ದವ್ರಂತಲ್ಲ, ಅರೆಕಾಲಿಕ ಅಂತ,
ಅದ ಮೊದ್ಲು ವಡೀರಿ.
ಹತ್ತೊಂಬತ್ತು ವರ್ಸ ಎರಡು ಕಾಲಲ್ಲೂ ನಡ್ದಿವ್ನಿ ಕನವ್ವ,
ಅರೆಕಾಲು ಎಲ್ಲಿಂದ ಬತ್ತು?'

ನಕ್ಕರು. ಮೊದಲು ನಕ್ಕದ್ದು ಚೌಡೇಗೌಡರು.
ಮೊದಲು ನಿಲ್ಲಿಸಿದ್ದೂ ಅವರೇ.

ಮತ್ತೆ ಒಂದು ತಾಸು ಜಗ್ಗಾಟ.
'ಸುತ್ತೋಲೆಯಂತೆ,' ಮೇಡಂ.
'ವಸೂಲಿಯಾದಂತೆ,' ಗೌಡರು.
ಅಂತೆಗೆ ಅಂತೆ ಸೇರಿ ಕಂತೆ,
ಕಂತೆಯೊಳಗೆ ಸಂಬಳ ಕಂತು ಕಂತು.
ಕೊನೆಗೆ ಸುತ್ತೋಲೆಯ ಅಂಕಿಯನ್ನೇ ಬರೆಸಿದರು ಸುನಂದಮ್ಮ,
'ವಸೂಲಿ ಆಗ್ದಿದ್ರೆ ನಾನೂ ಬತ್ತೀನಿ ಮನೆಮನೆಗೆ' ಎಂದು.
ಕೈಯೆತ್ತಿದವರು ಆರು. ಎತ್ತದವರು ಐದು.
ಎತ್ತಿದ ಆರನೆಯ ಕೈ ಯಾರದೆಂದು
ನಡಾವಳಿಯಲ್ಲಿ ಬರೆಯುವ ಪದ್ಧತಿಯಿಲ್ಲ.

ಅರೆಕಾಲಿಕ: ಕೆಂಪು ಶಾಯಿಯಲ್ಲಿ
ಅಡ್ಡಗೆರೆ ಎಳೆದೆ, ಸ್ಕೇಲು ಇಟ್ಟು.
ಅಡಿಯ ಅಕ್ಷರ ಇನ್ನೂ ಕಾಣುತ್ತಿತ್ತು.

ಮರುದಿನ, ಬೆಳಕು ಹರಿಯುವ ಮುನ್ನ,
ರಸೀದಿ ಪುಸ್ತಕ ಹಿಡಿದು
ಅಣ್ಣನ ಬಾಗಿಲಿಗೆ ಹೋದೆ.
ಅತ್ತಿಗೆ ಕೊಳಾಯಿಗೆ ಬಿಂದಿಗೆಯಿಟ್ಟು ನಿಂತಿದ್ದರು.
ಅದು ತುಂಬುವವರೆಗೆ
ಇಬ್ಬರೂ ಮಾತಾಡಲಿಲ್ಲ.