ಲೂಸು, ಎರಡು ಇಂಚು

ಕೋಡಿಕಲ್ಲಿನಲ್ಲಿ ನಾಲ್ಕನೇ ಮಾಳಿಗೆ. ಕೀ ಸಿಕ್ಕಿದ ದಿನ
ಮನೆ ಎಷ್ಟು ದೊಡ್ಡದಿತ್ತೆಂದರೆ
ಒಮ್ಮೆ ಕೆಮ್ಮಿದರೆ ಎರಡು ಸಲ ಕೇಳುತ್ತಿತ್ತು.
ಲೋಲಾಕ್ಷ ನಡುವಲ್ಲಿ ನಿಂತು ಕೈ ತಿರುಗಿಸಿದ,
ಪಣಂಬೂರಿನಲ್ಲಿ ಕ್ರೇನು ತಿರುಗಿಸುವ ಅದೇ ಕೈ:
ಇಲ್ಲಿ ಸೋಫಾ, ಅಲ್ಲಿ ಕಪಾಟು,
ಬಾಲ್ಕನಿಯ ಪಕ್ಕ ಕಬಡ್ಡಿ ಕಪ್‌ಗಳಿಗೆ ಶೋಕೇಸು.
ಪುರಂದರಾಚಾರಿ ಕಿವಿಯಿಂದ ಪೆನ್ಸಿಲು ಇಳಿಸಿ
ಪ್ಲೈವುಡ್ಡಿನ ಲೆಕ್ಕಕ್ಕೆ ಕೂತೇಬಿಟ್ಟರು.

ಒಂದು ನಿಮಿಷ, ಅಂದೆ ನಾನು.
ಅಳತೆ ತೆಗೆಯದೆ ಕತ್ತರಿ ಹಾಕುವುದು ಎಲ್ಲಿಯಾದರೂ ಉಂಟಾ?

ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ.
ಎದೆ ಮೂವತ್ತಾರಾದರೆ ಬಟ್ಟೆ ಮೂವತ್ತೆಂಟು.
ಆ ಎರಡು ಇಂಚು ಬಸ್ಸಿನ ಕಂಬಿ ಹಿಡಿಯುವ ಕೈಯದ್ದು,
ತಡೆಯಲಾಗದೆ ಬಂದ ನಗುವಿನದ್ದು,
ಮದುವೆಯೂಟದ ಎರಡನೇ ಹೋಳಿಗೆಯದ್ದು.
ನಾವು ಅದಕ್ಕೆ ಲೂಸು ಎನ್ನುತ್ತೇವೆ.
ಮನೆಗೂ ಲೂಸು ಬೇಕು, ಅಂದೆ.
"ಈಗಾಗಲೇ ಒಂದು ಉಂಟಲ್ಲ" ಅಂದ ಲೋಲಾಕ್ಷ, ನನ್ನನ್ನೇ ನೋಡಿ.

ಸಾಮಾನು ಬರಲಿಕ್ಕೆ ಇನ್ನೂ ಹನ್ನೊಂದು ದಿನ.
ಖಾಕಿ ಕಾಗದ ಹಾಸಿ, ನೀಲಿ ಚಾಕ್‌ಪೀಸಿನ ಗೆರೆ ಎಳೆದು
ಮಂಚ ಕತ್ತರಿಸಿದೆ, ಸೋಫಾ ಕತ್ತರಿಸಿದೆ,
ಫ್ರಿಜ್ಜು, ಜೊತೆಗೆ ಅದರ ಬಾಗಿಲು ತೆರೆದಾಗ ಬೇಕಾಗುವ ಕಾಲು ಚಂದ್ರ
(ಕಂಕುಳ ಕೆತ್ತುವಾಗಿನ ಅದೇ ತಿರುವು ಕತ್ತರಿಗೆ).
ಎಲ್ಲವನ್ನೂ ಟೈಲ್ಸಿಗೆ ಅಂಟಿಸಿ
ಕಾಗದದ ಮನೆಯಲ್ಲಿ ಒಂದು ದಿನ ಇದ್ದು ನೋಡುವ, ಅಂದೆ.
"ಇದು ಎಂತ ಮರ್ಲು" ಅನ್ನುತ್ತ ಅತ್ತೆ
ಕಾಗದದ ಸೋಫಾದ ಮೇಲೆ ಕೂತರು,
ಏಳಿಸಲಿಕ್ಕೆ ಇಬ್ಬರು ಬೇಕಾಯಿತು.

ನಿಯಮ ಒಂದೇ: ಇನ್ನು ಕಾಗದ ಮುಟ್ಟುವ ಹಾಗಿಲ್ಲ.

ಅಡುಗೆಕೋಣೆಯಿಂದ ಬಾಲ್ಕನಿಗೆ ಒದ್ದೆ ಬಟ್ಟೆಯ ಬಕೆಟು ಹೊರಟಿತು.
ಸೋಫಾಕ್ಕೂ ಶೋಕೇಸಿಗೂ ನಡುವೆ ಒಂದೂಕಾಲು ಅಡಿ.
ಅತ್ತೆ ಅಡ್ಡ ತಿರುಗಿದರು; ಬಕೆಟಿಗೆ
ಅಡ್ಡ ಎಂಬುದೇ ಇಲ್ಲ.
ಪ್ರಾಪ್ತಿ ಶಾಲೆಯ ಚೀಲ ಹಾಕಿಕೊಂಡು ಬಂದಳು,
ಚೀಲ ಸೇರಿದರೆ ಒಂದು ಮಗು ಎರಡು ಮಗುವಿನಷ್ಟು ದಪ್ಪ.
ಮಿಶಿನ್ನು ಮಲಗುವ ಕೋಣೆಯ ಗೋಡೆಗೆ ತಾಗಿತ್ತು;
ರಾತ್ರಿ ಪಾಳಿಯವ ಹಗಲು ಒಂಬತ್ತಕ್ಕೆ ಮಲಗುತ್ತಾನೆ,
ನನ್ನ ಪೆಡಲು ಅವನ ತಲೆಯೊಳಗೆ ಓಡುತ್ತದೆ.
ಹಳೆ ಬಾಡಿಗೆಮನೆಯಲ್ಲಿ ನಾವು ಯಾಕೆ
ಅಷ್ಟು ಜಗಳ ಆಡುತ್ತಿದ್ದೆವೆಂದು ಸ್ವಲ್ಪ ತಿಳಿಯಿತು.
ಸ್ವಭಾವ ಅಂದುಕೊಂಡಿದ್ದೆವು;
ಅರ್ಧಕ್ಕರ್ಧ ಅದು ಮೇಜಿನ ಮೂಲೆ.

ಮಿಶಿನ್ನಿಗೆ ಸರಿಹೋಗುವ ಜಾಗ ಒಂದೇ, ಬಾಲ್ಕನಿಯ ಬೆಳಕು.
ಅಲ್ಲಿ ಶೋಕೇಸು.
ನಾನು ಬಾಯಿ ಬಿಡಲಿಲ್ಲ.
ಬಿಟ್ಟಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಡ್ಯೂಟಿಯಿಂದ ಬಂದವನು
ಶೂ ಬಿಚ್ಚಿ, ಕಾಗದ ತಪ್ಪಿಸಿ, ಅಡ್ಡಡ್ಡ ಹೆಜ್ಜೆಯಿಟ್ಟು
ಉಸಿರು ಹಿಡಿದ ರೈಡರಿನ ಹಾಗೆ
ಶೋಕೇಸಿನ ತನಕ ಹೋದ. ನಿಂತ. ಬಗ್ಗಿ ಕಿತ್ತ.
ಎರಡು ಮಡಿಕೆ, ನಾಲ್ಕು ಮಡಿಕೆ, ಅಂಗಿಯ ಕಿಸೆಗೆ.
"ಕಪ್‌ಗಳನ್ನು ಬಾಗಿಲುಗಳ ಮೇಲೆ ಇಡುವ" ಅಂದವನೇ
ಕಾಗದದ ಮಂಚದಲ್ಲಿ ಚಾಪೆ ಬಿಡಿಸಿದ.

ಪುರಂದರಾಚಾರಿಗೆ ಮೂರು ಶೀಟಿನ ಕೆಲಸ ಹೋಯಿತು.
ಮುಖ ಸಣ್ಣದು ಮಾಡಿಕೊಂಡರೂ ಮೇಜಿನ ಮೂಲೆಗಳನ್ನು
ಕೇಳದೆಯೇ ದುಂಡಗೆ ಉಜ್ಜಿಕೊಟ್ಟರು.

ಈಗ ಮಿಶಿನ್ನಿನ ಪಕ್ಕ ಆರಡಿಗೆ ನಾಲ್ಕಡಿ ಖಾಲಿ ಉಂಟು.
ಬಂದವರೆಲ್ಲ ಕೇಳುತ್ತಾರೆ, ಇಲ್ಲಿ ಎಂತ ಇಡ್ತೀರಿ?
ಆಟಿಯಲ್ಲಿ ಅಲ್ಲಿ ಬಟ್ಟೆ ಒಣಗುತ್ತದೆ.
ಪ್ರಾಪ್ತಿ ಮಗ್ಗಿ ಹೇಳುತ್ತ ಸುತ್ತುತ್ತಾಳೆ.
ಮೂರು ಗಂಟೆಗೆ ಬಿಸಿಲು ಬಂದು ಕೂರುತ್ತದೆ, ಕುರ್ಚಿ ಕೇಳುವುದಿಲ್ಲ.

ನಿನ್ನೆ ಕುಳೂರಿನಿಂದ ಒಬ್ಬಳು ಹುಡುಗಿ,
ಮದುವೆಯ ರವಿಕೆ ಹಾಕಿ ನೋಡಲಿಕ್ಕೆ.
ಒಮ್ಮೆ ತಿರುಗಿ, ಅಂದೆ.
ಎರಡು ಕೈ ಅಗಲಿಸಿ ಪೂರ್ತಿ ಒಂದು ಸುತ್ತು ತಿರುಗಿದಳು.
ಹೊಲಿಗೆ ಬಿಡಲಿಲ್ಲ.
ಮೊಣಕೈ ಏನಕ್ಕೂ ತಾಗಲಿಲ್ಲ.