ಎಪ್ಪತ್ತರಿಂದ ಶುರುವಾಗುವ ಗೆರೆ

ಹಂಟಿಂಗ್ಟನ್ ಊರು, ಒಹಾಯೊ ಹೊಳೆಯ ದಂಡೆ.
ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ
ವರ್ನಾ ಸ್ಕ್ಯಾಗ್ಸ್ ನೋವುಗಳಿಗೆ ನಂಬರು ಕೊಡುತ್ತಾಳೆ.
ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ.
ಮುರಿದ ಸೊಂಟಕ್ಕೊಂದು ನಂಬರು,
ಕುದುರೆಯಿಂದ ಬಿದ್ದು ಮುರಿದಿದ್ದರೆ ಬೇರೆ,
ಎರಡನೇ ಸಲ ತೋರಿಸಲು ಬಂದರೆ ಇನ್ನೂ ಬೇರೆ.
ಬಾತುಕೋಳಿ ಕಚ್ಚಿದ್ದಕ್ಕೂ ಒಂದಿದೆ, ನಗಬೇಡಿ.
ಹಣೆಬರಹ ಬರೆಯುವವನಿಗೂ
ಇಷ್ಟು ಕಾಲಮ್ಮು ಬೇಕಾಗಿರಲಿಲ್ಲ.

ಊಟದ ಹೊತ್ತು. ಯಾರೋ ಬಿಟ್ಟುಹೋದ ಪತ್ರಿಕೆ.
ಸ್ಯಾಂಡ್‌ವಿಚ್ಚಿನ ಎಣ್ಣೆ ಹೀರಿದ ಪುಟದಲ್ಲೊಂದು ನಕ್ಷೆ:
ಅಡ್ಡಕ್ಕೆ ಮದ್ದಿನ ದುಡ್ಡು, ಉದ್ದಕ್ಕೆ ಆಯುಸ್ಸು,
ನಡುವೆ ಉಳ್ಳವರ ದೇಶಗಳು, ಚುಕ್ಕಿ ಚುಕ್ಕಿ.
ಜಪಾನು, ಸ್ಪೇನು, ಇಟಲಿ, ನಾರ್ವೆ
ಸಂಜೆ ಒಂದೇ ಕೊಂಬೆಗೆ ಬಂದ ಹಕ್ಕಿಗಳ ಹಾಗೆ
ಒತ್ತೊತ್ತಾಗಿ, ಮೇಲೆ.
ತನ್ನ ದೇಶ ಹುಡುಕಿದಳು. ಗುಂಪಿನಲ್ಲಿರಲಿಲ್ಲ.
ಬೆರಳು ಬಲಕ್ಕೆ ಹೋಯಿತು, ಹೋಯಿತು,
ದುಡ್ಡಿನ ಕೊನೆಯವರೆಗೂ ಹೋಯಿತು,
ಆಮೇಲೆ ಕೆಳಗಿಳಿಯಿತು.
ಅಲ್ಲಿತ್ತು. ಒಂಟಿ.
ಮದುವೆಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮುಯ್ಯಿ ಮಾಡಿ
ಕೊನೆಯ ಪಂಕ್ತಿಯಲ್ಲೂ ಎಲೆ ಸಿಗದವನ ಹಾಗೆ.

"ಇದು ತಪ್ಪಿರಬೇಕು" ಅಂದಳು.

ಎದುರು ಕೂತ ಇದಲೀನಾ, ಕೊಯಿಂಬ್ರಾ ಕಡೆಯ ನರ್ಸು,
ಕಿತ್ತಳೆ ಸುಲಿಯುತ್ತಲೇ ಬಗ್ಗಿ ನೋಡಿದಳು.
"ನಮ್ಮ ಚಿಕ್ಕಮ್ಮನಿಗೆ ಎಂಬತ್ತೊಂಬತ್ತು.
ಮಂಡಿಯ ಆಪರೇಷನ್ನಿಗೆ ಹನ್ನೊಂದು ತಿಂಗಳು ಸರದಿ ಕಾದಳು.
ಮಂತ್ರಿಗೆ ಬೈದಳು, ಡಾಕ್ಟರಿಗೆ ಬೈದಳು,
ಕೂರಿಸಿದ ಕುರ್ಚಿಗೂ ಬೈದಳು.
ಈಗಲೂ ಬೈಯುತ್ತಾಳೆ."
ತೊಳೆ ಬಾಯಿಗಿಟ್ಟು ಸೇರಿಸಿದಳು:
"ಬೈಯಲಿಕ್ಕೆ ಇದ್ದಾಳೆ, ನೋಡು."

ಡೆಲ್ಮರ್. ತಮ್ಮ.
ಕಲ್ಲಿದ್ದಲ ರೈಲಿಗೆ ಡಬ್ಬಿ ಜೋಡಿಸುತ್ತಿದ್ದವ.
ಕೆಲಸ ಹೋದ ತಿಂಗಳೇ ವಿಮೆಯೂ ಹೋಯಿತು,
ಕುದುರೆಯ ಹಿಂದೆ ಬಾಲ ಹೋದ ಹಾಗೆ.
ಇನ್ಸುಲಿನ್ ಸೀಸೆಯನ್ನು ಬೆಳಕಿಗೆ ಹಿಡಿದು ಹಿಡಿದು
ಹತ್ತು ದಿನದ್ದನ್ನು ಇಪ್ಪತ್ತು ದಿನ ಎಳೆಯುತ್ತಿದ್ದ.
ಮಜ್ಜಿಗೆಯಲ್ಲ ಅದು, ನೀರು ಬೆರೆಸಲು ಬರುವುದಿಲ್ಲ,
ಬಿಡಲು ಮಾತ್ರ ಬರುತ್ತದೆ.
ಫೋನಿನಲ್ಲಿ "ಆರಾಮಿದ್ದೀನಿ ಅಕ್ಕಾ" ಅನ್ನುತ್ತಿದ್ದ.

ಕೊನೆಗೆ ಆಂಬುಲೆನ್ಸು ಬಂತು, ಹೆಲಿಕಾಪ್ಟರು ಬಂತು,
ಭೂಮಿಯ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ ಎಂಬಂಥ
ಯಂತ್ರಗಳು ಬಂದವು, ಅವುಗಳ ಹಸಿರು ಕಣ್ಣು ಬಂತು.
ಒಂದು ಸೀಸೆಯ ಸಾವಿರ ಪಟ್ಟು
ಒಂಬತ್ತು ದಿನದಲ್ಲಿ ಅವನ ಮೇಲೆ ಸುರಿಯಿತು.
ಸುರಿದದ್ದೆಲ್ಲ ಅಡ್ಡಗೆರೆಗೆ ಜಮೆ.
ಉದ್ದಗೆರೆಗೆ?
ಒಂಬತ್ತು ದಿನ.

ಹಣ ಅಂದರೆ ಹೆಣವೂ ಬಾಯಿಬಿಡುತ್ತದೆ ಅನ್ನುತ್ತಾರೆ.
ಡೆಲ್ಮರ್ ಬಿಡಲಿಲ್ಲ.
ಮಣ್ಣಾಗಿ ಮೂರು ವಾರಕ್ಕೆ ಅವನ ಹೆಸರಿಗೇ ಲಕೋಟೆ ಬಂತು,
ಹದಿನಾಲ್ಕು ಪುಟ.
ಏಳನೆಯದರ ಬುಡದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ,
ನಂಬರು ಹಾಕಿದವರ ಗುರುತು: ವಿ. ಎಸ್.
ಹೆಸರಿಲ್ಲದ ಕಡತವಾಗಿ ಬಂದು
ಅವಳ ಮೇಜನ್ನು ಹಾದು ಹೋಗಿದ್ದ.
ಮಂಗಳವಾರ ಇರಬೇಕು. ಆ ದಿನ ಬೇಗ ಕೆಲಸ ಮುಗಿದಿತ್ತು.

ವಿರಾಮಕ್ಕೆ ಇನ್ನು ನಾಲ್ಕು ನಿಮಿಷ.
ಅವನನ್ನೂ ಗುರುತಿಸೋಣವೆಂದು ಪೆನ್ನು ತೆಗೆದಳು.
ದುಡ್ಡು ಗೊತ್ತು, ಸೆಂಟು ಸಮೇತ.
ವಯಸ್ಸು ಐವತ್ತಾರು.
ಆದರೆ ಆ ಉದ್ದಗೆರೆ
ಶುರುವಾಗುವುದೇ ಎಪ್ಪತ್ತರಿಂದ.
ಅದರ ಕೆಳಗೆ ಮಾತ್ರೆಯ ಜಾಹೀರಾತು, ಗಾಲ್ಫ್ ಕೋಲು ಹಿಡಿದು ನಗುವ ಮುದುಕ,
ಅವನ ಬೂಟಿನ ಕೆಳಗೆ ಪುಟದ ಅಂಚು.
ಪೆನ್ನು ಇಳಿಸುತ್ತ ಹೋದಳು.
ಚುಕ್ಕಿ ಮೇಜಿನ ಮೇಲೆ ಬಿತ್ತು.

ಇದಲೀನಾ ಒಂದು ತೊಳೆ ಚಾಚಿದಳು.
ತೆಗೆದುಕೊಂಡಳು. ಹುಳಿಯಿತ್ತು.