ದೀಡ ದಿನದ ಯಾದಿ

ಇಂದೂ ವೈನಿ ಹಡಗದಾಗಿಂದ ಫೋನ್ ಮಾಡಿದ್ಲು.
ಲಕ್ಷದ್ವೀಪ ಮುಗಿಸಿ ಹೊಳ್ಳಿ ಹೊಂಟದಂತ ಹಡಗ,
ಶುಕ್ರವಾರ ಮುಂಬಯಿಗೆ ಇಳಿಯೂದು,
ರಾತ್ರಿ ಗಾಡಿ, ಶನಿವಾರ ಮುಂಜಾನೆ ವಿಜಾಪುರ.
‘ದೀಡ ದಿನ ಇರತೇನಿ ಪದ್ಮಿ,
ಯಾದಿ ಮಾಡಿಡು. ಈ ಸಲ ಎಲ್ಲಾ ನೋಡಾಕಿ.’
ನಡುವ ನಡುವ ಗಾಳಿ, ಯಾರೋ ಮೈಕಿನಾಗ
ಊಟಕ್ಕ ಕರಿಯೂದು, ಲೈನ್ ಕಟ್ಟು.

ಹನ್ನೊಂದು ವರ್ಷ ಈ ಊರಾಗ ಸೊಸಿಯಾಗಿದ್ದಾಕಿ.
ಗಚ್ಚಿ ಮ್ಯಾಲಿಂದ ಗುಮ್ಮಟ ಕಾಣತಿತ್ತು,
ಹಪ್ಪಳ ಒಣಗಸೂ ಮುಂದ. ಅಷ್ಟಽ.
ನಂದೂ ಹಂಗಽ. ಸಾಲಿ ಟ್ರಿಪ್ಪಿನಾಗ ಒಮ್ಮೆ ಹತ್ತಿದ್ದೆ,
ಎಲ್ಲಾರೂ ತಮ್ಮ ತಮ್ಮ ಹೆಸರು ಒದರಿದ್ರು,
ನಾ ಏನು ಒದರಿದೆ, ನೆನಪಿಲ್ಲ.

ಮನಿ ಕರದ ಪಾವತಿ ಹಿಂದ ಖಾಲಿ ಇತ್ತು, ಬರಕೋತ ಕೂತೆ.

ಶನಿವಾರ. ಒಂಬತ್ತಕ್ಕ ಸ್ನಾನ, ಅವಲಕ್ಕಿ.
ಹತ್ತಕ್ಕ ಗೋಳಗುಮ್ಮಟ. ಕಾಟು ಹೊಡದೆ.
ಹತ್ತಕ್ಕ ಸಾಲಿ ಹುಡುಗುರು ಬರತಾವ, ಒಳಗ ಸಂತಿ.
ನಸಿಕಿನಾಗ ಹೋದ್ರ ಪಾರಿವಾಳ ಅಷ್ಟಽ ಇರತಾವ,
ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ
ಆಚಿ ಕಡೆ ಕಿವಿಗೆ ಮುಟ್ಟತದ.
ಆದ್ರ ನಸಿಕಿನಾಗ ಗಾಡೀನಽ ಬಂದಿರೂದಿಲ್ಲ.
ರವಿವಾರಕ್ಕ ಒಂದು ಬಾಣ ಎಳದೆ.

ಬಾರಾ ಕಮಾನು: ಹತ್ತು ನಿಮಿಷ.
ಮುಗೀಲಾರದ್ದನ್ನ ಎಷ್ಟೊತ್ತು ನೋಡೂದು?
ಆಮ್ಯಾಲೆ ಯಾಕೋ ಅದನ್ನ ಅರ್ಧ ತಾಸು ಮಾಡಿದೆ.
ಮಲಿಕ್-ಏ-ಮೈದಾನ: ಬಿಸಿಲಾಗೂ ತಣ್ಣಗಿರತದಂತ ಆ ತೋಪು,
ಆಕೀ ಕೈ ಮುಟ್ಟಸಬೇಕು.
ಉಪ್ಪಲಿ ಬುರುಜು: ಮೆಟ್ಟಲ ಎಪ್ಪತ್ತು,
ವೈನಿ ಮೊಣಕಾಲು ಎರಡು, ಅದರಾಗ ಒಂದು ಹೊಸಾದು.
ಇಬ್ರಾಹಿಂ ರೋಜಾ: ಸಂಜಿಮುಂದ, ಹುಲ್ಲಿನ ಮ್ಯಾಲೆ.
ಥರ್ಮಾಸಿನಾಗ ಚಹಾ ಒಯ್ಯೂದು.

ಟಾಂಗಾದ ದಸ್ತಗೀರಗ ಹೇಳಿಟ್ಟೆ.
‘ಬಾಯಾರ, ಹಡಗಿನ ಮಂದಿ ಟಾಂಗಾದಾಗ ಕೂಡತಾರೇನ್ರಿ?’
ಅಂದವನಽ ಮುಂದ ಹೋಗಿ ಹೊಳ್ಳಿ ನೋಡಿ,
‘ಅಲಿಗೆ ಕಾಳಜಿ ಬ್ಯಾಡ್ರಿ,
ಸ್ಟೇಷನ್ ರಸ್ತೆ ಪೂರಾ ಅದಾವ’ ಅಂದ.

ತಾಜ್ ಬಾವಡಿ ಬರಿಯೂ ಮುಂದ ಪೆನ್ನು ನಿಂತಿತು.
ರವಿವಾರ ನಳ ಬರೂ ದಿನ.
ಎಂಟು ದಿನಕ್ಕೊಮ್ಮೆ, ನಾಕರಿಂದ ಆರು,
ಒಮ್ಮೊಮ್ಮೆ ಐದಕ್ಕಽ ಗುರ್ ಅಂದು ಕೈ ಎತ್ತತದ.
ಕೊಡ, ಬ್ಯಾರಲ್ಲು, ಬಕೀಟು, ಹಿತ್ತಾಳಿ ತಪೇಲಿ,
ಎಲ್ಲಾ ತುಂಬಿದ ಮ್ಯಾಲೆ ನಾ ಮನಷ್ಯಾಳಾಗೂದು.
ಗುಮ್ಮಟದ ಬಾಣ ಹೋಗಿ ಅಲ್ಲೇ ಚುಚ್ಚಿತ್ತು.

ಸಂಕೋಚ ಆತು. ಸಮುದ್ರದ ಮ್ಯಾಲೆ ಹಡಗ,
ಹಡಗದ ಮ್ಯಾಲೆ ಮತ್ತೊಂದು ಈಜೂ ಹೊಂಡ,
ಫೋಟೋ ಕಳಿಸಿದ್ಲು. ನೀಲಿ ನೀರು, ಅದರಾಚೆ ನೀಲಿ ನೀರು,
ನಡುವ ಕರೇ ಕನ್ನಡಕ ಹಾಕ್ಕೊಂಡು ವೈನಿ.
ಅಂಥಾಕಿಗೆ ಹೆಂಗ ಬರೀಲಿ,
ನಸಿಕಿನಾಗ ಕೊಡದ ಸಪ್ಪಳಾದೀತು, ಹೊಚಗೊಂಡು ಮಲಕೋರಿ ಅಂತ?
ಬರದೆ. ಯಾದಿ ಫೋಟೋ ತಗದು ಕಳಿಸಿದೆ.

ಇಡೀ ದಿನ ಒಂದಽ ಟಿಕ್ಕು.
ರಾತ್ರಿ ಹತ್ತಕ್ಕ ಉತ್ತರ ಬಂತು, ಆಕೀ ದನಿ, ಹಿಂದ ಬ್ಯಾಂಡು:
‘ಐದು ದಿನಾ ನೀರು ನೋಡಿ ನೋಡಿ ಸಾಕಾತು ಪದ್ಮಿ,
ಇಷ್ಟರಾಗ ಒಂದು ತಂಬಿಗೀನೂ ನಂದಲ್ಲ.
ಕಾಲ ಕೆಳಗ ಅಲಗತದ,
ಇಳದ ಮ್ಯಾಲೂ ಎರಡು ದಿನ ಅಲಗತದಂತ.
ಬುರುಜು ಗಿರುಜು ಬಿಡು.
ಬಚ್ಚಲದಾಗಿನ ಆ ಕರೇ ಹಂಡೆ ಅದ ಹೌದಲ್ಲೊ,
ತಳಕ್ಕ ಬೆಸಿಗಿ ಹಾಕಿದ್ದು?
ಅದನ್ನ ನಾ ತುಂಬಾಕಿ. ಮೂರೂವರಿಗೆ ಎಬ್ಬಸು.’

ಹಂಡೆ ಇಲ್ಲ. ಮೋಡಕಾದವಗ ಹಾಕಿ ಆರು ವರ್ಷಾತು.
ಹೇಳಲಿಲ್ಲ.
ಓಣಿ ತುದಿಗೆ ಅಂಬಕ್ಕನ ಮನ್ಯಾಗ ಅಂಥಾದ್ದೊಂದು ಅದ,
ನಾಳೆ ಹೋಗಿ ಕೇಳಬೇಕು, ಎರಡು ದಿನದ ಮಟ್ಟಿಗೆ.
ತಿಕ್ಕಬ್ಯಾಡ ಅನಬೇಕು, ಕರಿ ಹೋದೀತು.

ಯಾದಿ ತಗದು ತಿದ್ದಿದೆ:
ರವಿವಾರ. ಮೂರೂವರಿ. ನಳ.
ಏಳಕ್ಕ, ನಿದ್ದಿ ಬರಲಿಲ್ಲಂದ್ರ, ಗುಮ್ಮಟ.